ಅರ್ಧಕ್ಕೆ ನಿಂತ ಕೆಲಸ ಕೆಲಸವಲ್ಲವೇ?

"ಕಮಿಟ್ ಮಾಡದ ಕೆಲಸ ಕೆಲಸವೇ ಅಲ್ಲ."

ನನ್ನ ಮಗಳಿಗೆ ಅವಳ ಆಫೀಸಿನ ಮೇಲಿನವರು ಈ ಮಾತು ಹೇಳಿದ್ದು 2019ರ ನವೆಂಬರ್ ಮೊದಲ ವಾರ, ಹೆರಿಗೆ ರಜೆ ಮುಗಿಸಿ ಅವಳು ಕೆಲಸಕ್ಕೆ ಹಿಂದಿರುಗಿದ ಮೂರನೆಯ ದಿನ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ನಾನು ಗಳಿಕೆ ರಜೆ ಹಾಕಿ ಬೆಂಗಳೂರಿಗೆ ಹೋಗಿದ್ದೆ. ಅಂದು ಸಂಜೆ ಬಂದವಳು ಚಪ್ಪಲಿ ಬಿಟ್ಟು, ಮಗುವನ್ನೂ ಎತ್ತಿಕೊಳ್ಳದೆ, ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು ಈ ವಾಕ್ಯವನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದಳು. ಅಳಲಿಲ್ಲ. "ಮೂರು ವಾರದ್ದು ಅಮ್ಮಾ, ಒಂದು ಸಾಲೂ ಇಲ್ಲ" ಎಂದಳು, ಅಷ್ಟೆ. ನಾನು ಬಿ.ಎ., ಬಿ.ಎಡ್. ಓದಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಹೇಳಿಕೊಡುತ್ತಿರುವವಳು. ಕಂಪ್ಯೂಟರಿನ ವಿಷಯ ಇವಳಿಗೇನು ಗೊತ್ತು ಎಂದು ನೀವು ಕೇಳಬಹುದು. ಆದರೆ ಆ ವಾಕ್ಯ ನನಗೆ ಹೊಸದಾಗಿರಲಿಲ್ಲ. ಬೇರೆ ಬೇರೆ ಬಾಯಲ್ಲಿ ಅದನ್ನು ನಾನೂ ಕೇಳಿದ್ದೇನೆ, ನೀವೂ ಕೇಳಿದ್ದೀರಿ. ಹಾಗಾಗಿ ವಿಷಯವೇನೆಂದು ತಿಳಿಯಲು ಮಗಳನ್ನು ಎದುರು ಕೂರಿಸಿಕೊಂಡು ಹಲವು ರಾತ್ರಿ ಪಾಠ ಹೇಳಿಸಿಕೊಂಡೆ. ಹೇಳಿಸಿಕೊಂಡಷ್ಟನ್ನು ನಿಮಗೆ ಹೇಳುತ್ತೇನೆ.

ಒಂದು ತಂತ್ರಾಂಶವನ್ನು ಹತ್ತಿಪ್ಪತ್ತು ಜನ ಸೇರಿ ಬರೆಯುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿಹಾಕದಂತೆ, ಯಾರು ಯಾವತ್ತು ಯಾವ ಸಾಲು ತಿದ್ದಿದರು ಎಂಬುದು ಮುಂದೆಯೂ ಸಿಗುವಂತೆ ನೋಡಿಕೊಳ್ಳುವ ಏರ್ಪಾಟಿಗೆ ವರ್ಷನ್ ಕಂಟ್ರೋಲ್ ಎಂದು ಹೆಸರು. ಮಗಳ ಕಂಪನಿಯಲ್ಲಿದ್ದುದು ಸಬ್‌ವರ್ಷನ್ ಎಂಬುದು, 2000ದಲ್ಲಿ ಶುರುವಾದ ಏರ್ಪಾಟು. ಅದರಲ್ಲಿ ಎಲ್ಲರಿಗೂ ಸೇರಿ ಸರ್ವರಿನಲ್ಲಿ ಒಂದೇ ದೊಡ್ಡ ಲೆಡ್ಜರು. ಪ್ರತಿಯೊಬ್ಬರೂ ಅದರಿಂದ ಒಂದು ಪ್ರತಿಯನ್ನು ತಮ್ಮ ಮಷೀನಿಗೆ ಇಳಿಸಿಕೊಂಡು ತಿದ್ದುತ್ತಾರೆ, ತಿದ್ದಿದ್ದನ್ನು ಮತ್ತೆ ಲೆಡ್ಜರಿಗೆ ಏರಿಸುತ್ತಾರೆ. ಏರಿಸುವುದಕ್ಕೆ ಕಮಿಟ್ ಎನ್ನುತ್ತಾರೆ. ಏರಿಸುವ ತನಕ ಅದು ಅವರವರ ಮಷೀನಿನಲ್ಲಿ ಮಾತ್ರ ಇರುತ್ತದೆ, ಲೆಡ್ಜರಿಗೆ ಅದರ ಸುಳಿವೇ ಇರುವುದಿಲ್ಲ.

ಮಗಳು ಕೆಲಸ ಮಾಡುತ್ತಿದ್ದುದು ಕಾರ್ಖಾನೆಗಳ ಸಂಬಳ ಲೆಕ್ಕ ಹಾಕುವ ತಂತ್ರಾಂಶದಲ್ಲಿ. ರಾತ್ರಿ ಪಾಳಿಯವರ ಓವರ್‌ಟೈಮ್ ತಪ್ಪಾಗಿ ಬರುತ್ತಿದೆ ಎಂಬ ದೂರು ಬಂದಿತ್ತು. ಹತ್ತು ಗಂಟೆಗೆ ಒಳಗೆ ಹೋಗಿ ಬೆಳಿಗ್ಗೆ ಎಂಟಕ್ಕೆ ಹೊರಗೆ ಬಂದವನ ದಿನ ಮಧ್ಯರಾತ್ರಿಗೆ ಎರಡು ತುಂಡಾಗುತ್ತಿತ್ತು. ಎರಡೂ ತುಂಡು ಎಂಟು ಗಂಟೆಗಿಂತ ಹೆಚ್ಚಾಗದ ಕಾರಣ ಓವರ್‌ಟೈಮೇ ಇಲ್ಲವೆಂದು ಯಂತ್ರ ಹೇಳುತ್ತಿತ್ತು. ತಪ್ಪು ಎಲ್ಲಿದೆ ಎಂದು ಹುಡುಕುವುದಕ್ಕೇ ಅವಳಿಗೆ ಎರಡು ವಾರ ಹಿಡಿಯಿತಂತೆ. ಹನ್ನೊಂದು ಫೈಲುಗಳಲ್ಲಿ ತಿದ್ದಿದ್ದಳು. ಸರಿಯಾಯಿತೇ ಇಲ್ಲವೇ ಎಂದು ಪರೀಕ್ಷಿಸಲು ಹೊಸದಾಗಿ ಎರಡು ಫೈಲು ಬರೆದಿದ್ದಳು. ವಾರದ ರಜೆಯ ಹಿಂದಿನ ರಾತ್ರಿಯ ಲೆಕ್ಕವೊಂದು ಮಾತ್ರ ಬಾಕಿ ಇತ್ತು.

ಅಷ್ಟರಲ್ಲಿ ಏಪ್ರಿಲ್ ಕೊನೆಗೆ ತಪಾಸಣೆಗೆ ಹೋದವಳಿಗೆ ಬಿ.ಪಿ. ಏರಿದೆಯೆಂದು ಡಾಕ್ಟರು ನಾಳೆಯಿಂದಲೇ ಹಾಸಿಗೆ ಬಿಟ್ಟು ಏಳಬಾರದು ಎಂದರು. ಆಸ್ಪತ್ರೆಯಿಂದ ಹಾಗೆಯೇ ನಮ್ಮೂರಿನ ಕಾರು ಹತ್ತಿದಳು. ಆಫೀಸಿನ ಮೇಜಿನ ಮೇಲೆ ಅವಳ ನೀರಿನ ಬಾಟಲಿ, ಅರ್ಧ ತಿಂದ ಗೋಡಂಬಿ ಪೊಟ್ಟಣ, ಮೇಜಿನ ಕೆಳಗಿನ ಮಷೀನಿನಲ್ಲಿ ಕಮಿಟ್ ಆಗದ ಹದಿಮೂರು ಫೈಲು. ಎಲ್ಲ ಇದ್ದಲ್ಲಿಯೇ ಉಳಿಯಿತು.

ಜುಲೈ ತಿಂಗಳಲ್ಲಿ, ಮಗಳು ನಮ್ಮ ಹಿಂದಿನ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಬಾಣಂತಿಯಾಗಿ ಮಲಗಿದ್ದಾಗ, ಕಂಪನಿಯವರು ಸಬ್‌ವರ್ಷನ್ ಬಿಟ್ಟು ಗಿಟ್ ಎಂಬುದಕ್ಕೆ ಬದಲಾದರು. ಬದಲಾದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಗಿಟ್ ಅನ್ನು ಲಿನಸ್ ಟೋರ್ವಾಲ್ಡ್ಸ್ ಎಂಬಾತ 2005ರ ಏಪ್ರಿಲ್‌ನಲ್ಲಿ ತನ್ನ ಲಿನಕ್ಸ್ ಕೆಲಸಕ್ಕೆಂದು ಬರೆದ. ಅದರಲ್ಲಿ ಪ್ರತಿಯೊಬ್ಬರ ಮಷೀನಿನಲ್ಲಿಯೂ ಇಡೀ ಲೆಡ್ಜರೇ ಇರುತ್ತದೆಯಂತೆ. ಜಗತ್ತೆಲ್ಲ ಆ ಕಡೆಗೇ ಹೋಗಿದೆ ಎಂದು ಮಗಳೂ ಹೇಳುತ್ತಾಳೆ. ಹೊಸ ಮನೆ ಒಳ್ಳೆಯದೇ. ನನ್ನ ತಕರಾರು ಸಾಮಾನು ಸಾಗಿಸಿದ ರೀತಿಯ ಮೇಲೆ.

ಬದಲಾಯಿಸುವುದಕ್ಕೆ ಬಳಸುವ ಸಾಧನಗಳು ಸರ್ವರಿನ ಲೆಡ್ಜರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿ ಹೊಸದಕ್ಕೆ ಬರೆಯುತ್ತವೆ. ಹತ್ತು ವರ್ಷದ ಹಿಂದೆ ಬಿಟ್ಟುಹೋದವರು ಹಾಕಿದ ಒಂದು ಅಲ್ಪವಿರಾಮವೂ ತಾರೀಕಿನ ಸಮೇತ ಬರುತ್ತದೆ. ಆದರೆ ಯಾರ ಮಷೀನಿನಲ್ಲಿ ಏನು ಅರ್ಧಕ್ಕೆ ನಿಂತಿದೆ ಎಂಬುದು ಅವಕ್ಕೆ ಕಾಣುವುದಿಲ್ಲ. ಕಾಣಬೇಕೆಂದು ನಾವು ನಿರೀಕ್ಷಿಸುವುದೂ ತಪ್ಪು, ಅದು ಯಂತ್ರ. ಕಣ್ಣಿರುವ ಮನುಷ್ಯರು ನೋಡಬೇಕಿತ್ತು. ಅವರು ಮಾಡಿದ್ದು ಇಷ್ಟು: "ಶುಕ್ರವಾರದೊಳಗೆ ಎಲ್ಲರೂ ಕಮಿಟ್ ಮಾಡಿಕೊಳ್ಳಿ" ಎಂದು ಆಫೀಸಿನ ಮೇಲ್‌ಗೆ ಒಂದು ಸೂಚನೆ ಕಳಿಸಿದರು. ಆ ಮೇಲ್ ಮನೆಯಲ್ಲಿ ತೆರೆಯುತ್ತಿರಲಿಲ್ಲ. ಸೋಮವಾರ ಎಲ್ಲ ಮಷೀನುಗಳಿಂದ ಹಳೆಯ ಫೋಲ್ಡರು ತೆಗೆಸಿದರು. ಮಗಳ ಮಷೀನನ್ನಂತೂ ಪೂರ್ತಿ ಅಳಿಸಿ ಹೊಸದಾಗಿ ಸೇರಿದ ಹುಡುಗನಿಗೆ ಕೊಟ್ಟರು. ಗೋಡಂಬಿ ಪೊಟ್ಟಣ, ಬಾಟಲಿಗಳನ್ನು ಮಾತ್ರ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹೆಸರು ಬರೆದು ಜೋಪಾನವಾಗಿ ಇಟ್ಟಿದ್ದರಂತೆ! ನೀರಿನ ಬಾಟಲಿ ಯಾರದೆಂದು ನೆನಪಿಟ್ಟುಕೊಂಡವರಿಗೆ ಮಷೀನಿನಲ್ಲಿ ಏನಿರಬಹುದೆಂಬ ಯೋಚನೆ ಬರಲಿಲ್ಲ.

ಇಲ್ಲಿ ಕೆಲವರು ನನ್ನನ್ನು ತಡೆದು ಕೇಳುತ್ತಾರೆ, ನನ್ನ ಅಳಿಯನೇ ಕೇಳಿದ: "ಅತ್ತೆ, ಮೂರು ವಾರ ಕಮಿಟ್ ಮಾಡದೆ ಇಟ್ಟುಕೊಂಡದ್ದು ಇವಳ ತಪ್ಪಲ್ಲವೇ?" ಒಪ್ಪುತ್ತೇನೆ, ಅವಳದೂ ಇದೆ. ದಿನಾ ಸಂಜೆ ಒಂದು ಪ್ರತಿ ತೆಗೆದು ಬೇರೆಡೆ ಇಟ್ಟಿದ್ದರೆ ಆಗುತ್ತಿತ್ತು. ಆದರೆ ಅವಳು ಯಾಕೆ ಏರಿಸಲಿಲ್ಲ ಎಂದು ಕೇಳಿ ನೋಡಿ. ಸಬ್‌ವರ್ಷನ್‌ನಲ್ಲಿ ಎಲ್ಲರೂ ಬಳಸುವ ಮುಖ್ಯ ಸಾಲಿಗೆ ಏರಿಸಿದ ಕ್ಷಣವೇ ಅದು ಎಲ್ಲರದೂ ಆಗಿಬಿಡುತ್ತದೆ. ಅರ್ಧ ತಿದ್ದಿದ್ದನ್ನು ಏರಿಸಿದರೆ ಉಳಿದ ಹತ್ತೊಂಬತ್ತು ಜನರ ಕೆಲಸ ಕೆಡುತ್ತದೆ. ಅವರ ತಂಡದಲ್ಲಿ ಹಾಗೆ ಕೆಡಿಸಿದವರು ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಬೇಕೆಂಬ ಪದ್ಧತಿಯಿತ್ತು. ತಮಾಷೆಯಂತೆ ಕಾಣುತ್ತದೆ, ಆದರೆ ಹೆಸರು ಬೋರ್ಡಿನ ಮೇಲೆ ವಾರವೆಲ್ಲ ಇರುತ್ತಿತ್ತು. ಪಕ್ಕಕ್ಕೊಂದು ಕೊಂಬೆ ಮಾಡಿಕೊಂಡು, ಬ್ರಾಂಚ್ ಎನ್ನುತ್ತಾರೆ, ಅಲ್ಲಿಗೆ ಏರಿಸಲು ಬರುತ್ತದೆ. ಅವರಲ್ಲಿ ಕೊಂಬೆ ಮಾಡುವ ಅಧಿಕಾರ ತಂಡದ ಮುಖ್ಯಸ್ಥರೊಬ್ಬರಿಗೇ. ಅಂದರೆ ಮುಗಿಯದ್ದನ್ನು ತರಬೇಡ ಎಂದವರೂ ಅವರೇ, ಮುಗಿಯದ್ದನ್ನು ಯಾಕೆ ತರಲಿಲ್ಲ ಎಂದವರೂ ಅವರೇ. ಅತ್ತ ದರಿ ಇತ್ತ ಪುಲಿ.

ನಮ್ಮ ಯಜಮಾನರಿಗೆ ವರ್ಗವಾಗುವ ನೌಕರಿ. ಹದಿನೆಂಟು ವರ್ಷಗಳಲ್ಲಿ ಆರು ಮನೆ ಕಟ್ಟಿ ಬಿಚ್ಚಿದ್ದೇನೆ. ಲಾರಿಗೆ ಏರಿಸುವ ಸಾಮಾನಿಗೆ ಅವರು ಪಟ್ಟಿ ಮಾಡುತ್ತಿದ್ದರು: ಮಂಚ ಎರಡು, ಬೀರು ಒಂದು, ಗ್ರೈಂಡರು ಒಂದು. ಪಟ್ಟಿಯಲ್ಲಿ ಎಂದೂ ಬಾರದ ಸಾಮಾನುಗಳಿದ್ದವು. ಉಪ್ಪಿನಲ್ಲಿ ಹಾಕಿಟ್ಟ ಮಾವಿನಮಿಡಿ, ಇನ್ನೂ ಉಪ್ಪಿನಕಾಯಿ ಆಗಿರದ್ದು. ಒಂದು ತೋಳು ಮಾತ್ರ ಹೆಣೆದ ಸ್ವೆಟರು, ಸೂಜಿಯ ಸಮೇತ. ಟೆರೇಸಿನ ಮೇಲೆ ಒಂದು ಬಿಸಿಲು ಮಾತ್ರ ಕಂಡ ಅಕ್ಕಿ ಸಂಡಿಗೆ. ಒಮ್ಮೆ ಸಾಗರದಿಂದ ಹಾಸನಕ್ಕೆ ಬರುವಾಗ ಕೂಲಿಯವನು "ಇದು ಇನ್ನೂ ಆಗಿಲ್ಲವಲ್ಲಮ್ಮ, ಚೆಲ್ಲಿಬಿಡಲಾ?" ಎಂದು ಮಿಡಿಯ ಭರಣಿ ಎತ್ತಿ ತೋರಿಸಿದ. ನಾನು ಆ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕುಳಿತು ಬಂದೆ. ಮಿಡಿ ಸಿಗುವುದು ವರ್ಷಕ್ಕೊಮ್ಮೆ. ಚೆಲ್ಲಿದರೆ ಹೋಗುವುದು ಭರಣಿಯಷ್ಟೇ ಅಲ್ಲ, ಆ ವರ್ಷವೇ.

ಪಟ್ಟಿಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂದುಕೊಳ್ಳುವುದು ಪಟ್ಟಿ ಮಾಡುವವರ ಹಳೆಯ ರೋಗ. ನಮ್ಮ ಶಾಲೆಯಲ್ಲಿ ಅಂಕಗಳನ್ನು ಪುಸ್ತಕದಿಂದ ಕಂಪ್ಯೂಟರಿಗೆ ಹತ್ತಿಸಿದ ವರ್ಷ ನನ್ನ ಹಳೆಯ ಅಂಕಪುಸ್ತಕಗಳನ್ನು ಕಟ್ಟಿ ರದ್ದಿಗೆ ಹಾಕಿದರು. ಅಂಕಗಳೆಲ್ಲ ಬಂದಿವೆಯಲ್ಲ, ಇನ್ನೇನು ಬೇಕು ಎಂದರು. ಅಂಕದ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ: ಈ ಹುಡುಗನಿಗೆ ಒತ್ತಕ್ಷರ ಕಾಣುವುದಿಲ್ಲ, ಕಣ್ಣು ತೋರಿಸಬೇಕು. ಈ ಹುಡುಗಿ ಬುಧವಾರ ಬರುವುದಿಲ್ಲ, ಸಂತೆ. ಅವೆಲ್ಲ ಅರ್ಧ ಯೋಚನೆಗಳು, ಮುಂದಿನ ತಿಂಗಳು ಏನಾದರೂ ಮಾಡೋಣವೆಂದು ಗುರುತು ಹಾಕಿಕೊಂಡದ್ದು. ಹೊಸದರಲ್ಲಿ ಪೆನ್ಸಿಲಿಗೆ ಜಾಗವಿರಲಿಲ್ಲ.

ಇರಲಿ, ಮಗಳ ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟು ಬಂದದ್ದು ನಷ್ಟಕ್ಕಿಂತ ಹೆಚ್ಚಾಗಿ, ಅದನ್ನು ತಪ್ಪಿಸುವುದು ಎಷ್ಟು ಸುಲಭವಿತ್ತು ಎಂದು ತಿಳಿದಾಗ. ಸಬ್‌ವರ್ಷನ್‌ನಲ್ಲಿ "ಎಸ್‌ವಿಎನ್ ಸ್ಟೇಟಸ್" ಎಂದು ಕೊಟ್ಟರೆ ಸಾಕು, ಆ ಮಷೀನಿನಲ್ಲಿ ಏನೇನು ಬಾಕಿಯಿದೆ ಎಂಬ ಪಟ್ಟಿ ಬೀಳುತ್ತದೆ. ತಿದ್ದಿದ ಫೈಲಿನ ಮುಂದೆ ಎಂ ಎಂಬ ಅಕ್ಷರ, ಹೊಸದಾಗಿ ಬರೆದು ಲೆಡ್ಜರಿಗೆ ಇನ್ನೂ ತಿಳಿಸಿರದ ಫೈಲಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. "ಎಸ್‌ವಿಎನ್ ಡಿಫ್" ಎಂದು ಕೊಟ್ಟು ಬಂದದ್ದನ್ನು ಒಂದು ಫೈಲಿಗೆ ತುಂಬಿದರೆ ತಿದ್ದುಪಡಿಗಳೆಲ್ಲ ಒಂದು ಕಡೆ ಸಿಗುತ್ತವೆ. ಪ್ಯಾಚ್ ಎನ್ನುತ್ತಾರೆ ಅದಕ್ಕೆ, ತೇಪೆ. ಅದನ್ನು ಜೋಪಾನ ಮಾಡಿ, ಗಿಟ್‌ನ ಹೊಸ ಪ್ರತಿಯ ಮೇಲೆ "ಗಿಟ್ ಅಪ್ಲೈ" ಎಂದು ಅಂಟಿಸಬಹುದು.

ಇದರಲ್ಲಿಯೂ ಮುಳ್ಳುಗಳಿವೆ. ಪ್ರಶ್ನಾರ್ಥಕ ಚಿಹ್ನೆಯ ಫೈಲುಗಳು ತೇಪೆಯೊಳಗೆ ಬರುವುದಿಲ್ಲ. ಅವನ್ನು ಮೊದಲೇ "ಎಸ್‌ವಿಎನ್ ಆಡ್" ಎಂದು ಸೇರಿಸಿಕೊಳ್ಳಬೇಕು, ಇಲ್ಲವೇ ಕೈಯಾರೆ ನಕಲು ಮಾಡಿಕೊಳ್ಳಬೇಕು. ಮಗಳ ಪರೀಕ್ಷಾ ಫೈಲುಗಳೆರಡೂ ಅಂಥವೇ. ತೇಪೆ ತೆಗೆಯುವ ಮೊದಲು ಲೆಡ್ಜರಿನ ಕೊನೆಯ ಪುಟಕ್ಕೆ ತನ್ನ ಪ್ರತಿಯನ್ನು ಸರಿಹೊಂದಿಸಿಕೊಂಡಿರಬೇಕು, ಹೊಸ ಲೆಡ್ಜರು ನಿಂತಿರುವುದು ಆ ಪುಟದಲ್ಲಿ. ಸಬ್‌ವರ್ಷನ್‌ನ ತೇಪೆಯಲ್ಲಿ ಫೈಲಿನ ವಿಳಾಸ ಬರೆಯುವ ಕ್ರಮ ಗಿಟ್‌ನ ಕ್ರಮಕ್ಕಿಂತ ಬೇರೆ, ಅದಕ್ಕೆ "ಪಿ ಸೊನ್ನೆ" ಎಂಬ ಸೂಚನೆ ಜೊತೆಗೆ ಕೊಡಬೇಕು, ಇಲ್ಲದಿದ್ದರೆ ಅಂಥ ಫೈಲೇ ಇಲ್ಲ ಎನ್ನುತ್ತದೆ. ಸಾಲಿನ ಕೊನೆಯ ಗುರುತು ವಿಂಡೋಸ್‌ನಲ್ಲಿ ಒಂದು ಥರ, ಲಿನಕ್ಸ್‌ನಲ್ಲಿ ಇನ್ನೊಂದು ಥರ; ಅದು ಬೆರೆತರೂ ತೇಪೆ ಕೂರುವುದಿಲ್ಲ. ಇದೆಲ್ಲ ತಲೆನೋವು ಬೇಡವೆನ್ನುವವರಿಗೆ ಇನ್ನೂ ಸುಲಭದ ದಾರಿಯಿದೆ. ಬದಲಾಯಿಸುವ ಹಿಂದಿನ ದಿನ ಹಳೆಯ ಸರ್ವರಿನಲ್ಲಿಯೇ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಕೊಂಬೆ ಮಾಡಿ, ಅರ್ಧವಿರಲಿ ಕಾಲಿರಲಿ, ಇದ್ದದ್ದನ್ನು ಇದ್ದ ಹಾಗೆ ಅಲ್ಲಿಗೆ ಏರಿಸಿಬಿಡುವುದು. ಕೊಂಬೆಗಳನ್ನೂ ಸೇರಿಸಿ ಸಾಗಿಸುವಂತೆ ಸಾಧನಕ್ಕೆ ಹೇಳಿದರೆ ಎಲ್ಲವೂ ಬರುತ್ತದೆ, ಯಾರ ಕೆಲಸವೂ ಕೆಡುವುದಿಲ್ಲ. ಅದೂ ಬೇಡವೇ? ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ ಒಂದು ಡಿಸ್ಕಿಗೆ ಹಾಕಿ ಬೀರುವಿನಲ್ಲಿಡಿ. ಅದಕ್ಕೆ ಯಾವ ಜ್ಞಾನವೂ ಬೇಡ, ಹತ್ತನೇ ಕ್ಲಾಸಿನ ನನ್ನ ಹುಡುಗರು ಮಾಡುತ್ತಾರೆ.

ದೊಡ್ಡವರೂ ಹಳೆಯದನ್ನು ಬಿಟ್ಟಿದ್ದಾರೆ ಎಂದು ಅಳಿಯ ವಾದಿಸಿದ. ನಿಜವೇ. ಲಿನಕ್ಸ್ ತಂಡ 2005ರಲ್ಲಿ ಗಿಟ್‌ಗೆ ಬಂದಾಗ ಹಿಂದಿನ ಇತಿಹಾಸವನ್ನು ಹೊತ್ತು ತರಲಿಲ್ಲ, 2.6.12ನೆಯ ಆವೃತ್ತಿ ತಯಾರಾಗುತ್ತಿದ್ದ ಹೊತ್ತಿನಿಂದ ಹೊಸ ಲೆಕ್ಕ ಶುರುಮಾಡಿತು. ಆದರೆ ಹಳೆಯದನ್ನು ಯಾರೂ ಸುಡಲಿಲ್ಲ. ಆಮೇಲೆ ಬೇರೆಯವರು ಅದನ್ನೂ ಗಿಟ್‌ಗೆ ಪರಿವರ್ತಿಸಿ ಬೇರೆಯಾಗಿ ಇಟ್ಟರು, ಬೇಕಾದವರು ಜೋಡಿಸಿಕೊಂಡು ನೋಡುತ್ತಾರೆ. ಬಿಡುವುದು ಬೇರೆ, ಬಿಸಾಡುವುದು ಬೇರೆ. ಮಗಳ ಕಂಪನಿಯವರು ಹಳೆಯ ಸರ್ವರನ್ನು ಓದಲಿಕ್ಕೆ ಮಾತ್ರವೆಂದು ಒಂದು ವರ್ಷ ಇಟ್ಟುಕೊಂಡರಂತೆ, ಬಹಳ ಜಾಣತನ. ಏನೂ ಕಳೆದುಹೋಗುವ ಭಯವಿಲ್ಲದ ಜಾಗಕ್ಕೆ ಬೀಗ ಹಾಕಿ, ಒಂದೇ ಒಂದು ಪ್ರತಿ ಇದ್ದ ಮಷೀನನ್ನು ತೊಳೆದರು.

ಗಿಟ್ ಬಂದ ಮೇಲೆ ಈ ಕಷ್ಟವಿಲ್ಲ ಎಂದು ಹೇಳುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಹೌದು, ಅಲ್ಲಿ ಯಾರಿಗೂ ತೊಂದರೆ ಕೊಡದೆ ತನ್ನ ಮಷೀನಿನಲ್ಲಿಯೇ ಕಮಿಟ್ ಮಾಡಬಹುದು. ಆದರೆ ಆ ಕಮಿಟ್ ಕೂಡ ಮೇಲಕ್ಕೆ ಕಳಿಸುವ ತನಕ ಆ ಮಷೀನಿನಲ್ಲಿಯೇ ಇರುತ್ತದೆ. ಮುಗಿಯದ್ದನ್ನು ತಾತ್ಕಾಲಿಕವಾಗಿ ಎತ್ತಿಡಲು "ಸ್ಟ್ಯಾಶ್" ಎಂಬುದೊಂದು ಅಟ್ಟ ಕೊಟ್ಟಿದ್ದಾರೆ. ಬೇರೊಬ್ಬರು ಪ್ರತಿ ತೆಗೆದುಕೊಂಡರೆ ಅಟ್ಟದ ಸಾಮಾನು ಅದರ ಜೊತೆ ಹೋಗುವುದಿಲ್ಲ. ಲೆಡ್ಜರಿಗೆ ತಿಳಿಸದ ಹೊಸ ಫೈಲುಗಳನ್ನು ಬಿಡಿಸಿ ಹೇಳದಿದ್ದರೆ ಅಟ್ಟಕ್ಕೂ ಏರಿಸುವುದಿಲ್ಲ. ಯಂತ್ರ ಬದಲಾದರೇನು, ರಜೆಯ ಮೇಲಿರುವವಳಿಗೆ ಯಾರಾದರೂ ಫೋನು ಮಾಡಲೇಬೇಕು.

ಅದೇ ನನ್ನ ದೂರಿನ ತಿರುಳು. ಫೋನು ಮಾಡಲಿಲ್ಲ. 2017ರ ತಿದ್ದುಪಡಿಯಾದ ಮೇಲೆ ಕಾನೂನು ಹೆರಿಗೆಗೆ ಇಪ್ಪತ್ತಾರು ವಾರ ರಜೆ ಕೊಡುತ್ತದೆ, ಸಂಬಳವೂ ಬಂತು, ಅದರಲ್ಲಿ ಕಂಪನಿಯ ತಪ್ಪಿಲ್ಲ. ಆದರೆ ಇಪ್ಪತ್ತಾರು ವಾರದ ನಂತರ ಬಂದವಳ ಕುರ್ಚಿ ಇದ್ದರೆ ಸಾಲದು, ಅವಳು ಬಿಟ್ಟುಹೋದ ಕೆಲಸವೂ ಇರಬೇಕು. ಹಠಾತ್ತಾಗಿ ಎದ್ದು ಹೋಗಬೇಕಾಗಿ ಬರುವುದು ಯಾರಿಗೆ? ಹೆರಿಗೆಯವಳಿಗೆ, ಮಗುವಿಗೆ ಜ್ವರ ಬಂದವಳಿಗೆ, ಅತ್ತೆ ಜಾರಿಬಿದ್ದವಳಿಗೆ. ಅರ್ಧಕ್ಕೆ ಬಿಟ್ಟು ಏಳುವುದೇ ನಮ್ಮ ದಿನಚರಿ. ದೋಸೆ ಕಾವಲಿಯ ಮೇಲಿರುವಾಗ ಬಾಗಿಲು ಬಡಿದರೆ ಹೋಗುವವರು ನಾವೇ ತಾನೆ? ಮುಗಿದದ್ದಕ್ಕೆ ಮಾತ್ರ ಲೆಕ್ಕ ಎಂಬ ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿಕೊಳ್ಳಬಹುದು, ಅದರ ಏಟು ಬೀಳುವುದು ಮಾತ್ರ ಎದ್ದು ಹೋಗಬೇಕಾದವರ ಬೆನ್ನಿಗೆ.

ಆ ವರ್ಷದ ಮೌಲ್ಯಮಾಪನದಲ್ಲಿ ಮಗಳ ಹೆಸರಿನ ಮುಂದೆ, ಏಪ್ರಿಲ್ ತಿಂಗಳಿಗೆ, ಸಾಧನೆ ಏನೂ ಇಲ್ಲ ಎಂದು ಬಂತು. ಓವರ್‌ಟೈಮ್ ದೂರು ಇನ್ನೂ ಅವಳ ಹೆಸರಿನಲ್ಲಿಯೇ ಬಾಕಿ ನಿಂತಿತ್ತು. ಆ ಆರು ತಿಂಗಳು ಯಾರೂ ಅದನ್ನು ಮುಟ್ಟಿರಲಿಲ್ಲ. ಅಷ್ಟು ದಿನ ರಾತ್ರಿ ಪಾಳಿಯವರಿಗೆ ಏನು ಹೋಯಿತೋ, ಅದೂ ಈ ಲೆಕ್ಕದಲ್ಲಿ ಸೇರಬೇಕು. ಅವಳು ಮತ್ತೆ ಬರೆದಳು, ಮಗು ಮಲಗಿದ ಮೇಲೆ, ಆರು ವಾರ. ಬೆರಳುಗಳಿಗೆ ದಾರಿ ನೆನಪಿತ್ತು. ಆದರೆ ಮೊದಲ ಸಲ ಅವಳು ಕಂಡುಕೊಂಡಿದ್ದ ಒಂದು ವಿಚಿತ್ರ ಪ್ರಸಂಗ, ಪಾಳಿಯ ಮಧ್ಯದಲ್ಲಿಯೇ ಹಳೆಯ ತಿಂಗಳು ಮುಗಿದು ಹೊಸ ತಿಂಗಳು ಹುಟ್ಟುವುದು, ಎರಡನೆಯ ಸಲ ಮರೆತೇಹೋಯಿತು. ಅದು ಕಳೆದುಹೋದ ಪರೀಕ್ಷಾ ಫೈಲಿನಲ್ಲಿತ್ತು. ನಾಲ್ಕು ತಿಂಗಳ ಮೇಲೆ ಕಾರ್ಖಾನೆಯೊಂದರಿಂದ ದೂರು ಬಂದಾಗ, "ಇದು ನನಗೆ ಗೊತ್ತಿತ್ತು, ನನಗೆ ಗೊತ್ತಿತ್ತು" ಎಂದು ಫೋನಿನಲ್ಲಿ ಎರಡು ಸಲ ಹೇಳಿದಳು. ಅಂದು ಮಾತ್ರ ಅತ್ತಳು.

ಆ ಕಂಪನಿ ಬಿಟ್ಟು ಅವಳೀಗ ಬೇರೆ ಕಡೆ ಇದ್ದಾಳೆ, ಒಂಬತ್ತು ಜನರ ತಂಡಕ್ಕೆ ಮುಖ್ಯಸ್ಥೆ. ಕಳೆದ ದೀಪಾವಳಿಗೆ ಬಂದಾಗ ಅವರಲ್ಲಿಯೂ ಒಂದು ಸರ್ವರಿನಿಂದ ಇನ್ನೊಂದಕ್ಕೆ ಬದಲಾಯಿಸುವ ಕೆಲಸ ನಡೆದಿತ್ತು. ನೀರು ತುಂಬುವ ಹಬ್ಬದ ಸಂಜೆ, ಹಂಡೆ ತೊಳೆದು ಅರಿಶಿನ ಕುಂಕುಮ ಹಚ್ಚು ಬಾರೇ ಎಂದು ನಾನು ಕೂಗುತ್ತಿದ್ದರೆ ಅವಳು ಜಗುಲಿಯಲ್ಲಿ ಫೋನು ಹಿಡಿದು ಕುಳಿತಿದ್ದಳು. ಆ ಕಡೆ ಇದ್ದವನು ಅವಳ ತಂಡದ ಹುಡುಗ. ತಂದೆಗೆ ಲಕ್ವ ಹೊಡೆದು ಇಪ್ಪತ್ತು ದಿನದಿಂದ ಗದಗದ ಹತ್ತಿರದ ಊರಿನಲ್ಲಿದ್ದಾನಂತೆ.

"ಏನೂ ಇಲ್ಲರೀ ಮೇಡಂ, ಮುಗದದ್ದು ಯಾವುದೂ ಇಲ್ಲ" ಎನ್ನುತ್ತಿದ್ದುದು ನನಗೂ ಕೇಳಿಸಿತು.

"ಮುಗಿದದ್ದನ್ನು ನಾನು ಕೇಳ್ತಾ ಇಲ್ಲಪ್ಪ" ಎಂದಳು ಇವಳು. "ಲ್ಯಾಪ್‌ಟಾಪ್ ಹತ್ತಿರ ಇದೆಯಲ್ಲ? ತೆಗಿ. ಸ್ಟೇಟಸ್ ಕೊಡು. ಏನು ಬರುತ್ತೋ ಒಂದೊಂದೇ ಓದು, ನಾನು ಬರೆದುಕೊಳ್ತೀನಿ. ಅಪ್ಪನಿಗೆ ಊಟದ ಹೊತ್ತಾಗಿದ್ದರೆ ಕೊಟ್ಟು ಬಾ, ನಾನು ಕಾಯ್ತೀನಿ."

ಪಕ್ಕದಲ್ಲಿ ನಾನು ತಿದ್ದುತ್ತಿದ್ದ ಎಂಟನೇ ಕ್ಲಾಸಿನ ಉತ್ತರಪತ್ರಿಕೆಗಳ ಕಟ್ಟಿತ್ತು. ಅದರ ಮೇಲೆ ಹೊದಿಸಿದ್ದ ಖಾಲಿ ಹಾಳೆಯನ್ನು ಎಳೆದುಕೊಂಡು ಪೆನ್ನು ಬಿಚ್ಚಿದಳು. ನಾನೇ ಹೋಗಿ ಹಂಡೆ ತೊಳೆದೆ.